ಐರ್ಲೆಂಡಿನ ಬೆಟ್ಟಗಳ ಹೆಸರುಗಳು: ಅತಿ ಎತ್ತರದ ಶಿಖರಕ್ಕೆ ‘ತಗ್ಗು’ ಎಂಬ ಹೆಸರೇಕೆ?

ಲಿಫಿತೀರ (ಚರ್ಚೆ ಆರಂಭಿಸಿದವರು)

ಡಬ್ಲಿನ್ನಿನ ದಕ್ಷಿಣಕ್ಕಿರುವ ವಿಕ್ಲೋ ಬೆಟ್ಟಸಾಲಿನಲ್ಲಿ ಅತಿ ಎತ್ತರದ್ದು ಲಗ್ನಕ್ವಿಲ್ಲ. ಅದರ ಎತ್ತರ 925 ಮೀಟರ್; ಲೆನ್‌ಸ್ಟರ್ ಪ್ರಾಂತ್ಯದಲ್ಲೇ ಅದನ್ನು ಮೀರಿಸುವ ಬೆಟ್ಟವಿಲ್ಲ. ಆದರೆ ಅದರ ಐರಿಷ್ ಹೆಸರು ‘ಲಗ್ ನ ಕಿಲ್ಯ’, ಅಂದರೆ ಕಾಡಿನ ತಗ್ಗು. ಇಡೀ ಪ್ರಾಂತ್ಯದ ನೆತ್ತಿಗೆ ತಗ್ಗು ಎಂದು ಹೆಸರಿಟ್ಟವರು ಯಾರು, ಏಕೆ? ಇದು ನಕ್ಷೆ ಬರೆದವರ ಎಡವಟ್ಟೋ, ಅಥವಾ ಅಲ್ಲಿನ ಬೆಟ್ಟಗಳಿಗೆ ಹೆಸರು ಬಂದ ಕ್ರಮವೇ ಬೇರೆಯೋ? ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ. ‘ಯಾರ ಲಗ್ನ’ ಎಂಬ ಹಾಸ್ಯವನ್ನು ಈಗಾಗಲೇ ಸಾಕಷ್ಟು ಕೇಳಿಯಾಗಿದೆ. ದಯವಿಟ್ಟು ಅದೊಂದನ್ನು ಬಿಟ್ಟುಬಿಡಿ.

ಹಳೆನಕ್ಷೆ

ಎಡವಟ್ಟೇನೂ ಅಲ್ಲ. ಆ ಬೆಟ್ಟದ ತುದಿ ಚೂಪಾದ ಶಿಖರವಲ್ಲ, ಗಿಡ್ಡ ಹುಲ್ಲು ಹಾಸಿದ ಅಗಲವಾದ ಬಯಲು. ಪರ್ಸಿ ಎಂಬವನ ಹೆಸರಿನಲ್ಲಿ ‘ಪರ್ಸಿಯ ಮೇಜು’ ಎಂದು ಅದನ್ನು ಕರೆಯುವುದುಂಟು. ಕೆಳಗೆ ನಿಂತವನ ಕಣ್ಣಿಗೆ ಆ ಬಯಲು ಬೀಳುವುದೇ ಇಲ್ಲ. ಕಣ್ಣಿಗೆ ಬೀಳುವುದು ಹಿಮಯುಗದಲ್ಲಿ ಹಿಮನದಿಗಳು ಪಕ್ಕಗಳನ್ನು ಕೆರೆದು ಮಾಡಿದ ಎರಡು ದೊಡ್ಡ ಬಾಣಲೆಗಳು. ಕಡಿದಾದ ಗೋಡೆಗಳಿರುವ ಅವುಗಳಿಗೆ ಈಗ ನಾರ್ತ್ ಪ್ರಿಸನ್, ಸೌತ್ ಪ್ರಿಸನ್ ಎಂಬ ಹೆಸರುಗಳಿವೆ.

ಹೆಸರಿಟ್ಟವರು ದನಕರು ಮೇಯಿಸುತ್ತಿದ್ದ ಜನ. ಬೇಸಿಗೆ ಬಂತೆಂದರೆ ಹಿಂಡನ್ನು ಬೆಟ್ಟದ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ, ಅಲ್ಲೇ ಗುಡಿಸಲು ಹಾಕಿಕೊಂಡು, ಚಳಿಗಾಲದ ಮೊದಲು ಇಳಿದುಬರುವ ಪದ್ಧತಿ ಐರ್ಲೆಂಡಿನಲ್ಲಿ ಶತಮಾನಗಳ ಕಾಲ ಇತ್ತು. ಅವರಿಗೆ ತುದಿಯಲ್ಲಿ ಕೆಲಸವಿರಲಿಲ್ಲ. ಗಾಳಿಗೆ ಮರೆ ಎಲ್ಲಿದೆ, ನೀರು ಎಲ್ಲಿ ನಿಲ್ಲುತ್ತದೆ, ದನ ಎಲ್ಲಿ ತಪ್ಪಿಸಿಕೊಂಡೀತು ಎಂಬುದಷ್ಟೇ ಬೇಕಿತ್ತು, ಆದ್ದರಿಂದ ತಗ್ಗಿಗೆ ಹೆಸರು ಬಂತು. ತುದಿಗೂ ಒಂದು ಹೆಸರು ಬೇಕೆಂದು ಹಟ ಹಿಡಿದವರು ಆಮೇಲೆ ಬಂದ ನಕ್ಷೆಗಾರರು.

ಸಂಶಯಾತ್ಮ

ಹಳೆನಕ್ಷೆಯವರು ಬಹಳ ಧೈರ್ಯದಿಂದ ‘ಕಾಡು’ ಎಂದು ಒಪ್ಪಿಕೊಂಡುಬಿಟ್ಟಿದ್ದಾರೆ. ಆ ಕೊನೆಯ ಪದವನ್ನು ‘ಕಿಲ್ಯಖ್’, ಅಂದರೆ ಹುಂಜ ಎಂದು ಓದುವವರೂ ಇದ್ದಾರೆ. ಬೆಟ್ಟದ ಪೊದೆಗಳಲ್ಲಿರುವ ಗ್ರೌಸ್ ಎಂಬ ಕಾಡುಕೋಳಿಯ ಹುಂಜ ಎಂಬುದು ಅವರ ಅರ್ಥ. ಒಂದು ಧ್ವನಿ ಆಚೀಚೆಯಾದರೆ ಕಾಡು ಹೋಗಿ ಕೋಳಿ ಬರುತ್ತದೆ. ಹೀಗಿರುವಾಗ ನೆಲ ನೋಡಿ ಹೆಸರಿನ ಅರ್ಥ ಹೇಳುವುದು ಎಷ್ಟು ಸರಿ?

ಹಳೆನಕ್ಷೆ

ಕಾಡಾಗಲಿ ಕೋಳಿಯಾಗಲಿ, ‘ಲಗ್’ ಎಂಬ ತಗ್ಗು ಎರಡರಲ್ಲೂ ಉಳಿಯಿತಲ್ಲ ಸ್ವಾಮಿ. ಪ್ರಶ್ನೆ ಇದ್ದದ್ದೇ ತಗ್ಗಿನ ಬಗ್ಗೆ. ಅದೇ ಸಾಲಿನ ಎರಡನೆಯ ಎತ್ತರದ ಬೆಟ್ಟ ಮುಲ್ಲಾಕ್ಲೀವಾನ್, 849 ಮೀಟರ್; ಅದರರ್ಥ ‘ತೊಟ್ಟಿಲಿನ ನೆತ್ತಿ’. ತೊಟ್ಟಿಲು ಎಂದರೆ ತುದಿಯ ಕೆಳಗೆ ಕೆರೆಯನ್ನು ಮಡಿಲಲ್ಲಿಟ್ಟುಕೊಂಡಿರುವ ತಗ್ಗು. ಅಲ್ಲಿಯೂ ಬೆಟ್ಟ ತನ್ನ ಹೆಸರನ್ನು ತಗ್ಗಿನಿಂದಲೇ ಪಡೆದಿದೆ.

ಕಾರ್ಕ್‌ಕನ್ನಡತಿ

ಬೆಟ್ಟ ಎನ್ನಲು ಐರಿಷ್‌ನಲ್ಲಿ ಒಂದೇ ಪದವಿಲ್ಲ ಎಂಬುದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಮುಂದಿನ ವಾದಗಳೆಲ್ಲ ಗೊಂದಲವಾಗುತ್ತವೆ. ನಕ್ಷೆಯಲ್ಲಿ ‘ಸ್ಲೀವ್’ ಎಂದು ಕಾಣುವುದು ‘ಶ್ಲೀವ್’. ಅದು ಬೆಟ್ಟವೂ ಹೌದು, ಜೌಗು ಹುಲ್ಲಿನ ಎತ್ತರದ ಬಯಲೂ ಹೌದು. ಆದ್ದರಿಂದ ಸ್ಲೀವ್ ಎಂದ ಕೂಡಲೇ ದೊಡ್ಡ ಶಿಖರವನ್ನು ಕಲ್ಪಿಸಿಕೊಳ್ಳಬಾರದು. ‘ನಾಕ್’ ಎಂಬುದು ‘ಕ್ನಾಕ್’, ಅಂದರೆ ಗುಡ್ಡ. ಉತ್ತರದವರ ಬಾಯಲ್ಲಿ ಅದು ‘ಕ್ರಾಕ್’ ಎಂದಾಗುವುದರಿಂದ ಡೊನೆಗಾಲ್ ಕಡೆಯ ನಕ್ಷೆಗಳಲ್ಲಿ ‘ಕ್ರಾಕ್’ ಎಂದು ಶುರುವಾಗುವ ಹೆಸರುಗಳು ಸಿಗುತ್ತವೆ. ‘ಬೆನ್’ ಎಂದರೆ ಕೊಂಬಿನಂತೆ ಎದ್ದ ಶಿಖರ. ‘ಮುಲ್ಲಾ’ ನೆತ್ತಿ, ‘ಡ್ರಮ್’ ಬೆನ್ನು, ‘ಮ್ವೀಲ್’ ಬೋಳು. ಕೊನಾಕ್ಟ್ ಪ್ರಾಂತ್ಯದ ಅತಿ ಎತ್ತರದ ಬೆಟ್ಟ ಮ್ವೀಲ್‌ರೇ, 814 ಮೀಟರ್. ಆ ಹೆಸರಿಗೆ ನುಣುಪಾದ ಬೋಳುಗುಡ್ಡ ಎಂದರ್ಥ, ಮತ್ತು ದೂರದಿಂದ ನೋಡಿದರೆ ಅದು ಹಾಗೆಯೇ ಇದೆ.

ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ‘ಕ್ರೂಖ್’. ಅದು ನಮ್ಮ ಬಣವೆಯೇ: ಹುಲ್ಲಿನದಾಗಲಿ, ಒಲೆಗೆಂದು ಒಣಗಿಸಿದ ಜೌಗುಮಣ್ಣಿನ ಹೆಂಟೆಗಳದಾಗಲಿ, ಮೇಲಕ್ಕೆ ಕಿರಿದಾಗುತ್ತ ಪೇರಿಸಿದ ರಾಶಿ. ಕ್ರೋ ಪ್ಯಾಟ್ರಿಕ್ ಎಂದರೆ ಸಂತ ಪ್ಯಾಟ್ರಿಕ್ಕನ ಬಣವೆ. ನೈಋತ್ಯದ ಕೆರಿ ಕೌಂಟಿಯ ಮೆಕ್‌ಗಿಲಿಕಡಿ ರೀಕ್ಸ್ ಸಾಲಿನ ಐರಿಷ್ ಹೆಸರಿಗೆ ‘ಕಪ್ಪು ಬಣವೆಗಳು’ ಎಂದರ್ಥ. ಇಂಗ್ಲಿಷಿನ ‘ರೀಕ್’ ಎಂಬುದೂ ಬಣವೆಯೇ. ಮೆಕ್‌ಗಿಲಿಕಡಿ ಎಂಬುದು ಅಲ್ಲಿನ ಒಂದು ಮನೆತನದ ಹೆಸರು.

ಮಲೆಯಾಚೆ

ಕುದುರೆಮುಖ ಎಂದು ನಾವು ಹೆಸರಿಟ್ಟ ಹಾಗೆಯೇ ಆಯಿತು. ಅವರಲ್ಲೂ ಪ್ರಾಣಿಗಳ ರೂಪದ ಬೆಟ್ಟಗಳಿವೆಯೇ?

ಕಾರ್ಕ್‌ಕನ್ನಡತಿ

ಬೇಕಾದಷ್ಟಿವೆ. ಡೊನೆಗಾಲ್‌ನ ಮಕಿಶ್ ಎಂದರೆ ‘ಹಂದಿಯ ಬೆನ್ನು’. ಎತ್ತರ 666 ಮೀಟರ್. ತುದಿ ಚಪ್ಪಟೆಯಾಗಿದ್ದು ಎರಡೂ ಕಡೆ ದಿಢೀರನೆ ಇಳಿಯುವುದರಿಂದ ಮಲಗಿದ ಹಂದಿಯನ್ನು ನೋಡಿದಂತೆಯೇ ಇದೆ. ಡೌನ್ ಕೌಂಟಿಯ ಸ್ಲೀವ್ ಕ್ರೂಬ್ ಎಂದರೆ ಗೊರಸಿನ ಬೆಟ್ಟ. ಬೆಲ್‌ಫಾಸ್ಟ್ ನಗರದ ಮೂಲಕ ಹರಿಯುವ ಲಾಗನ್ ನದಿ ಹುಟ್ಟುವುದು ಅಲ್ಲೇ. ಇನ್ನು ವಿಕ್ಲೋದ ಟೊನೆಲಗೀ, 817 ಮೀಟರ್: ‘ಗಾಳಿಗೆ ಅಂಡು ತಿರುಗಿಸಿದ್ದು’ ಎಂಬುದು ಅದರ ನೇರ ಅರ್ಥ. ಸಭ್ಯರು ಬೆನ್ನು ಎಂದು ಬರೆಯುತ್ತಾರೆ, ಮೂಲದಲ್ಲಿರುವುದು ಬೆನ್ನಲ್ಲ.

ಲಿಫಿತೀರ

ಟೊನೆಲಗೀಗೆ ಪ್ರತಿ ವಾರ ಜನ ಹೋಗುತ್ತಾರೆ, ಬುಡದಲ್ಲಿರುವ ಹೃದಯಾಕಾರದ ಊಲರ್ ಕೆರೆಯ ಫೋಟೋ ಹಾಕುತ್ತಾರೆ. ಈ ಅರ್ಥವನ್ನು ಮಾತ್ರ ಒಬ್ಬರೂ ಹೇಳಿರಲಿಲ್ಲ ಮೇಡಂ.

ಶಿಲಾಪ್ರಿಯ

ಭೂವಿಜ್ಞಾನದ ಕಡೆಯಿಂದ ಒಂದು ಮಾತು. ‘ಬಣವೆ’ ಮತ್ತು ‘ಕೊಂಬು’ ಎಂಬ ಹೆಸರುಗಳು ಎಲ್ಲೆಂದರಲ್ಲಿ ಬಂದಿಲ್ಲ, ಅವುಗಳ ಹಿಂದೆ ಕಲ್ಲಿನ ಗುಣವಿದೆ. ಕ್ರೋ ಪ್ಯಾಟ್ರಿಕ್, ಎರಿಗಲ್, ಪಶ್ಚಿಮದ ಕಾನಮಾರಾ ಸೀಮೆಯ ಟ್ವೆಲ್ವ್ ಬೆನ್ಸ್, ವಿಕ್ಲೋದ ಗ್ರೇಟ್ ಶುಗರ್ ಲೋಫ್, ಇವೆಲ್ಲವೂ ಕ್ವಾರ್ಟ್‌ಜೈಟ್ ಬೆಟ್ಟಗಳು. ಕ್ವಾರ್ಟ್‌ಜೈಟ್ ಎಂದರೆ ಶಾಖ ಮತ್ತು ಒತ್ತಡದಿಂದ ಗಟ್ಟಿಯಾದ ಮರಳುಗಲ್ಲು. ಮಳೆನೀರಿಗೆ ಅದು ಸುಲಭವಾಗಿ ಕರಗುವುದಿಲ್ಲ, ಮಣ್ಣಾಗುವುದಿಲ್ಲ. ಬಿರುಕಿನಲ್ಲಿ ನೀರು ಹೆಪ್ಪುಗಟ್ಟಿದಾಗ ಚೂಪು ಚೂಪಾದ ತುಂಡುಗಳಾಗಿ ಒಡೆದು ಇಳಿಜಾರಿನಲ್ಲಿ ಜಾರುತ್ತದೆ. ಎರಿಗಲ್ ಬೆಟ್ಟವನ್ನು (751 ಮೀಟರ್) ಹತ್ತಿದವರಿಗೆ ಇದು ಕಾಲಿಗೇ ಗೊತ್ತಾಗಿರುತ್ತದೆ: ಮೇಲಿನ ಭಾಗದಲ್ಲಿ ಹುಲ್ಲಿಲ್ಲ, ಬೂದುಬಿಳಿ ಚೂರುಕಲ್ಲು, ಇಟ್ಟ ಹೆಜ್ಜೆ ಅರ್ಧ ಹಿಂದಕ್ಕೆ ಜಾರುತ್ತದೆ. ಹೀಗೆ ಎಲ್ಲ ಪಕ್ಕಗಳಿಂದ ಸಮನಾಗಿ ಉದುರಿದ್ದರಿಂದಲೇ ಅದು ಶಂಕುವಿನ ಆಕಾರಕ್ಕೆ ಬಂದಿದೆ. ವಿಕ್ಲೋ ಸಾಲಿನ ಗ್ರಾನೈಟ್ ಹಾಗಲ್ಲ, ಅದು ದುಂಡಗೆ ಸವೆಯುತ್ತದೆ. ಆದ್ದರಿಂದಲೇ ಅಲ್ಲಿ ತುದಿಗಿಂತ ತಗ್ಗಿನ ಹೆಸರು ಮುಂದಾಗಿರಬಹುದು.

ಶುಗರ್ ಲೋಫ್ ಸತ್ತ ಜ್ವಾಲಾಮುಖಿ ಎಂದು ಅನೇಕರು ನಂಬಿದ್ದಾರೆ. ಖಂಡಿತ ಅಲ್ಲ. ನಿಜವಾದ ಜ್ವಾಲಾಮುಖಿಯ ಗಂಟಲು ಬೇಕಾದರೆ ಆಂಟ್ರಿಮ್ ಕೌಂಟಿಯ ಸ್ಲೆಮಿಷ್ ನೋಡಿ, 437 ಮೀಟರ್.

ಸಂಶಯಾತ್ಮ

ಶಿಲಾಪ್ರಿಯರ ಪಟ್ಟಿಯಲ್ಲೇ ಅವರ ವಾದಕ್ಕೆ ಎದುರಾದ ಸಾಕ್ಷಿ ಇದೆ. ಎರಿಗಲ್ ಎಂಬುದಕ್ಕೆ ಕೊಟ್ಟಿರುವ ಅರ್ಥ ಪ್ರಾರ್ಥನಾಮಂದಿರ. ಅದರಲ್ಲಿ ಶಂಕುವೂ ಇಲ್ಲ, ಕಲ್ಲೂ ಇಲ್ಲ. ಶುಗರ್ ಲೋಫ್ ಎಂಬುದು ಸಕ್ಕರೆಯನ್ನು ಶಂಕುವಿನಾಕಾರದ ಅಚ್ಚುಗಳಲ್ಲಿ ಮಾರುತ್ತಿದ್ದ ಕಾಲದ ಇಂಗ್ಲಿಷ್ ಹೆಸರು. ಐರಿಷ್ ಹೆಸರಿನಲ್ಲಿರುವುದು ‘ಕ್ವಾಲು’ ಎಂಬ ಹಳೆಯ ನಾಡಿನ ಹೆಸರು. ಕ್ರೋ ಪ್ಯಾಟ್ರಿಕ್‌ಗೆ ಸಂತನ ಹೆಸರು ಅಂಟಿದ್ದು ಆಮೇಲೆ. ಎಲ್ಲ ಹೆಸರನ್ನೂ ನೆಲಕ್ಕೆ ಹೊಂದಿಸುವ ಉತ್ಸಾಹ ನಮಗೆ ಸ್ವಲ್ಪ ಹೆಚ್ಚಾಯಿತು.

ಶಿಲಾಪ್ರಿಯ

ಕ್ರೋ ಪ್ಯಾಟ್ರಿಕ್‌ನ ಹಳೆಯ ಹೆಸರು ‘ಕ್ರೂಖಾನ್ ಐಗ್ಲೆ’. ಸಂತ ಬರುವ ಮೊದಲೂ ಅದು ಬಣವೆಯೇ ಆಗಿತ್ತು. ಪ್ಯಾಟ್ರಿಕ್ ಬಂದು ಬಣವೆಯ ಯಜಮಾನನಾದ, ಅಷ್ಟೇ. ಇಂದಿಗೂ ಸುತ್ತಲಿನ ಜನ ಅದನ್ನು ‘ರೀಕ್’ ಎಂದೇ ಕರೆಯುತ್ತಾರೆ. ಜುಲೈ ತಿಂಗಳ ಕೊನೆಯ ಭಾನುವಾರ ಸಾವಿರಾರು ಯಾತ್ರಿಕರು, ಕೆಲವರು ಬರಿಗಾಲಿನಲ್ಲಿ, 764 ಮೀಟರ್ ಹತ್ತುವ ದಿನಕ್ಕೂ ‘ರೀಕ್ ಸಂಡೇ’ ಎಂದೇ ಹೆಸರು.

ಸ್ಥಳಪುರಾಣ

ಸಂತರ ವಿಷಯ ಬಂದದ್ದು ಒಳ್ಳೆಯದಾಯಿತು. ಉತ್ತರ ಐರ್ಲೆಂಡಿನ ಅತಿ ಎತ್ತರದ ಬೆಟ್ಟ ಸ್ಲೀವ್ ಡೊನಾರ್ಡ್, ಸುಮಾರು 850 ಮೀಟರ್. ಅದಕ್ಕೆ ಈಗಿರುವುದು ಸಂತ ಡೊವಂಗಾರ್ಟ್‌ನ ಹೆಸರು. ಅದಕ್ಕಿಂತ ಹಿಂದೆ ಅದು ‘ಸ್ಲೀವ್ ಸ್ಲಾಂಗಾ’ ಆಗಿತ್ತು, ಪುರಾಣದ ಪಾರ್ಥೊಲೋನ್ ಎಂಬವನ ಮಗನ ಹೆಸರಿನಲ್ಲಿ. ಆ ಇಡೀ ಸಾಲಿಗೆ ಮೋರ್ನ್ ಎಂಬ ಹೆಸರು ಬಂದದ್ದು ‘ಮುಗ್‌ಧೋರ್ನ’ ಎಂಬ ಜನಾಂಗದಿಂದ. ಅವರ ಮೂಲ ನೆಲೆ ಇಂದಿನ ಮೊನಹನ್ ಕೌಂಟಿ. ಅಲ್ಲಿನ ಕ್ರೆಮೋರ್ನ್ ಎಂಬ ಹೆಸರಿನಲ್ಲೂ ಅವರೇ ಇದ್ದಾರೆ. ಅವರಲ್ಲೊಂದು ಪಂಗಡ ಕಡಲ ಕಡೆಗೆ ವಲಸೆ ಹೋದಾಗ ಹೆಸರನ್ನೂ ಜೊತೆಗೆ ಒಯ್ದಿತು. ಅದಕ್ಕೂ ಹಿಂದೆ ಆ ಸಾಲಿಗಿದ್ದ ಹೆಸರು ‘ಬೋರ್ಖೆಯ ಕೊಂಬುಗಳು’. ಬೋರ್ಖೆ ಯಾರೆಂದರೆ, ಹಳೆಯ ಕಥೆಯ ಪ್ರಕಾರ ಅಲ್‌ಸ್ಟರಿನ ರಾಜನ ದನ ಕಾಯುತ್ತಿದ್ದವನು.

ಈ ಕಥೆಗಳು ‘ದಿನ್‌ಹೆನಖಸ್’ ಎಂಬ ಮಧ್ಯಯುಗದ ಸಾಹಿತ್ಯ ಪ್ರಕಾರದಲ್ಲಿ ಸಿಗುತ್ತವೆ; ನಮ್ಮ ಸ್ಥಳಪುರಾಣಗಳ ಜಾತಿಯವು. ಅಲ್ಲಿ ಹೆಸರು ಮೊದಲು, ಕಥೆ ಆಮೇಲೆ. ಹೆಸರನ್ನು ಇಟ್ಟುಕೊಂಡು ಅದಕ್ಕೆ ಹೊಂದುವ ವೀರನನ್ನೋ ಹೆಂಗಸನ್ನೋ ಹುಟ್ಟಿಸುತ್ತಾರೆ. ಆದ್ದರಿಂದ ಸಂಶಯಾತ್ಮರ ಸಂಶಯ ನೆಲದ ವಿವರಣೆಗಳಿಗೆ ಅನ್ವಯವಾಗುವಷ್ಟೇ ವೀರರ ವಿವರಣೆಗಳಿಗೂ ಅನ್ವಯವಾಗಬೇಕು.

ಹಳೆನಕ್ಷೆ

ಬೋರ್ಖೆ ದನ ಕಾಯುವವನು ಎಂದಿರಿ. ನನ್ನ ಮೊದಲ ಮಾತಿಗೆ ಪುರಾಣದ ಬೆಂಬಲವೂ ಸಿಕ್ಕಂತಾಯಿತು. ದೇಶದ ಎರಡನೆಯ ಎತ್ತರದ ಶಿಖರ ಬೀನ್‌ಕೆರಾ ಕೂಡ ‘ಕುರಿಗಳ ಕೊಂಬು’.

ಸಂಶಯಾತ್ಮ

ಹಾಗಾದರೆ ಮೊದಲನೆಯದಕ್ಕೇ ಬನ್ನಿ. ಕ್ಯಾರನ್‌ಟೂಹಿಲ್, ಸುಮಾರು 1,039 ಮೀಟರ್, ಇಡೀ ದ್ವೀಪದ ಅತಿ ಎತ್ತರದ ಶಿಖರ. ‘ಕರಾನ್’ ಎಂದರೆ ಕುಡುಗೋಲು. ಇಡೀ ಹೆಸರಿಗೆ ‘ತಿರುಗುಮುರುಗಾದ ಕುಡುಗೋಲು’ ಎಂಬ ಅರ್ಥ 19ನೆಯ ಶತಮಾನದಿಂದ ಪ್ರವಾಸಿ ಪುಸ್ತಕಗಳಲ್ಲಿ ಸುತ್ತುತ್ತಿದೆ. ಹಲ್ಲುಹಲ್ಲಾದ ಅಂಚನ್ನು ತೋರಿಸಿ ‘ನೋಡಿ, ಹಾಗೇ ಇದೆ’ ಎನ್ನುತ್ತಾರೆ. ಆದರೆ ‘ಟೂಅಹಲ್’ ಎಂಬುದು ಮಧ್ಯಯುಗದ ಐರ್ಲೆಂಡಿನಲ್ಲಿ ಸಾಮಾನ್ಯವಾಗಿದ್ದ ಗಂಡಸಿನ ಹೆಸರು. ಟೂಅಹಲನ ಕುಡುಗೋಲು ಎಂದರೆ ಮುಗಿಯಿತು. ಕುಡುಗೋಲನ್ನು ತಿರುಗಿಸುವ ಅಗತ್ಯವೇ ಇಲ್ಲ.

ಶಿಲಾಪ್ರಿಯ

ಕುಡುಗೋಲು ಉಳಿಯಿತು ತಾನೆ? ಅಷ್ಟು ಸಾಕು ನನಗೆ.

ಗಡಿರೇಖೆ

ಸ್ಲೀವ್ ಗಲಿಯನ್ ಬಗ್ಗೆ ಯಾರೂ ಮಾತಾಡಿಲ್ಲ. ಆರ್ಮಾ ಕೌಂಟಿಯಲ್ಲಿದೆ, 573 ಮೀಟರ್, ಸುತ್ತಲೂ ಉಂಗುರದಂತೆ ಸಣ್ಣ ಗುಡ್ಡಗಳು. ಕುಹೂಲಿನ್ ವೀರನ ಕಥೆಯಲ್ಲಿ ಬರುವ ಕಮ್ಮಾರ ಕುಲನ್‌ನ ಬೆಟ್ಟ ಎಂದು ಒಂದು ಪಕ್ಷ, ಹಾಲಿ ಎಂಬ ಮುಳ್ಳೆಲೆಯ ಮರದ ಬೆಟ್ಟ ಎಂದು ಇನ್ನೊಂದು, ಕಡಿದಾದ ಇಳಿಜಾರಿನ ಬೆಟ್ಟ ಎಂದು ಮೂರನೆಯದು. ಮೂರೂ ಪದಗಳು ಕಿವಿಗೆ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ.

ಸ್ಥಳಪುರಾಣ

ಮೂರರಲ್ಲಿ ಇಳಿಜಾರಿಗೆ ನನ್ನ ಮತ. ಬೆಟ್ಟಕ್ಕೆ ಇಳಿಜಾರಿನ ಹೆಸರಿಡುವುದಕ್ಕೆ ವಿಶೇಷ ಕಾರಣವೇನೂ ಬೇಕಿಲ್ಲ, ಕಮ್ಮಾರನನ್ನು ತರಲು ಒಂದು ಮಹಾಕಾವ್ಯವೇ ಬೇಕು.

ತಂತಿಅಳತೆ

ನಿವೃತ್ತ ಸರ್ವೇಯರ್ ಆಗಿ ನಾನು ಒಂದು ವಿಷಯ ಸೇರಿಸುತ್ತೇನೆ. ಈಗ ನಾವು ನೋಡುವ ಇಂಗ್ಲಿಷ್ ಕಾಗುಣಿತಗಳಲ್ಲಿ ಬಹುಪಾಲು ಸ್ಥಿರವಾದದ್ದು 1824ರಲ್ಲಿ ಶುರುವಾಗಿ 1846ರವರೆಗೆ ನಡೆದ ಆರ್ಡ್‌ನೆನ್ಸ್ ಸರ್ವೆ ಎಂಬ ಸರ್ಕಾರಿ ಭೂಮಾಪನದಲ್ಲಿ. ಮೈಲಿಗೆ ಆರು ಅಂಗುಲದ ಅಳತೆಯಲ್ಲಿ ಇಡೀ ದೇಶದ ನಕ್ಷೆ ಬರೆದರು. ಮೇಲ್ವಿಚಾರಕರು ಥಾಮಸ್ ಕಾಲ್ಬಿ. ಹೆಸರುಗಳ ಕೆಲಸಕ್ಕೆ 1830ರಲ್ಲಿ ಸೇರಿದವರು ಜಾನ್ ಓಡೊನವನ್ ಎಂಬ ವಿದ್ವಾಂಸರು. ಅವರು ಕೌಂಟಿಯಿಂದ ಕೌಂಟಿಗೆ ಓಡಾಡಿ, ಊರಿನ ಹಿರಿಯರ ಬಾಯಲ್ಲಿ ಹೆಸರನ್ನು ಹೇಳಿಸಿ, ಹಳೆಯ ಹಸ್ತಪ್ರತಿಗಳೊಂದಿಗೆ ಹೋಲಿಸಿ ನೋಡುತ್ತಿದ್ದರು. ‘ಹೆಸರಿನ ಪುಸ್ತಕ’ಗಳು ಎಂದು ಕರೆಯುವ ಅವರ ದಫ್ತರಗಳಲ್ಲಿ ಒಂದೊಂದು ಸ್ಥಳದ ಎದುರಿಗೆ ಬಗೆಬಗೆಯ ಕಾಗುಣಿತಗಳು, ಒಂದೊಂದನ್ನೂ ಯಾರು ಬಳಸುತ್ತಿದ್ದರು ಎಂಬ ಆಧಾರ, ಸ್ಥಳದ ವರ್ಣನೆ ಎಲ್ಲವೂ ಕಾಣುತ್ತವೆ. ಕೊನೆಗೆ ನಕ್ಷೆಗೆ ಹೋದದ್ದು ಮಾತ್ರ ಇಂಗ್ಲಿಷ್ ಓದುಗರ ನಾಲಿಗೆಗೆ ಒಗ್ಗುವ ಒಂದು ರೂಪ.

ನಮಗೂ ಆ ಸರ್ವೆಗೂ ನೇರ ಸಂಬಂಧವಿದೆ. ಬಿಸಿಲಿಗೆ ಉದ್ದ ಬದಲಾಗದಂತೆ ಹಿತ್ತಾಳೆ ಮತ್ತು ಕಬ್ಬಿಣ ಎರಡನ್ನೂ ಜೋಡಿಸಿ ಕಾಲ್ಬಿ ಮಾಡಿಸಿದ ಅಳತೆಯ ಸರಳುಗಳನ್ನು 1827–28ರಲ್ಲಿ ಉತ್ತರದ ಲಾಕ್ ಫಾಯ್ಲ್ ಎಂಬ ಕಡಲತೋಳಿನ ದಡದಲ್ಲಿ ಮೂಲರೇಖೆ, ಅಂದರೆ ಉಳಿದ ಅಳತೆಗಳಿಗೆಲ್ಲ ಆಧಾರವಾಗುವ ಮೊದಲ ಗೆರೆ, ಅಳೆಯಲು ಬಳಸಿದರು. ಭಾರತದ ಭೂಮಾಪನ ನಡೆಸುತ್ತಿದ್ದ ಜಾರ್ಜ್ ಎವರೆಸ್ಟ್ ಐರ್ಲೆಂಡಿಗೆ ಹೋಗಿ ಅವನ್ನು ನೋಡಿ, ಅಂಥದ್ದೇ ಸರಳುಗಳನ್ನು ಭಾರತಕ್ಕೆ ತಂದರು. ಬೀದರಿನ ಮತ್ತು ಬೆಂಗಳೂರಿನ ಮೂಲರೇಖೆಗಳನ್ನು ಅಳೆದದ್ದು ಅವುಗಳಿಂದಲೇ.

ಕಾರ್ಕ್‌ಕನ್ನಡತಿ

ಮಾಹಿತಿಗೆ ಧನ್ಯವಾದ ಸರ್. ಆದರೆ ‘ಇಂಗ್ಲಿಷ್ ಓದುಗರ ನಾಲಿಗೆಗೆ ಒಗ್ಗುವ ರೂಪ’ ಎಂಬ ಅರ್ಧ ವಾಕ್ಯದಲ್ಲಿ ದೊಡ್ಡ ನಷ್ಟವನ್ನು ಮುಗಿಸಿಬಿಟ್ಟಿರಿ. ‘ಬೆನ್ನಾ’ ಎಂಬುದು ‘ಪಿನ್ಸ್’ ಆದ ಮೇಲೆ ಕಾನಮಾರಾದ ಬೆಟ್ಟಗಳು ಗುಂಡುಸೂಜಿಗಳಾದವು. ಅರ್ಥ ತಿಳಿಯದೆ ಧ್ವನಿ ಮಾತ್ರ ಉಳಿದಾಗ ಊರವರಿಗೇ ತಮ್ಮ ಬೆಟ್ಟದ ಹೆಸರು ಒಗಟಾಗುತ್ತದೆ.

ತಂತಿಅಳತೆ

ನಷ್ಟವನ್ನು ಅಲ್ಲಗಳೆಯುವುದಿಲ್ಲ ಅಮ್ಮಾ. ಆದರೆ 1845ರ ಬಳಿಕ ಬಂದ ಆಲೂಗಡ್ಡೆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಐರಿಷ್ ಮಾತಾಡುತ್ತಿದ್ದ ಪಶ್ಚಿಮದ ಕೌಂಟಿಗಳಿಗೇ ಅತಿ ದೊಡ್ಡ ಪೆಟ್ಟು ಬಿತ್ತು. ಓಡೊನವನ್ ಆ ಹಿರಿಯರನ್ನು ಕೇಳಿದ್ದು ಅದಕ್ಕೆ ಮುಂಚೆ. ಈಗ ಸರ್ಕಾರದ ಸ್ಥಳನಾಮ ಶಾಖೆ ಸರಿಯಾದ ಐರಿಷ್ ರೂಪವನ್ನು ನಿರ್ಧರಿಸುವಾಗ ಮೊದಲು ತೆರೆಯುವ ದಾಖಲೆಗಳಲ್ಲಿ ಆ ದಫ್ತರಗಳೂ ಇವೆ. ನಕ್ಷೆ ಕೆಡಿಸಿದ್ದನ್ನು ದಫ್ತರ ಕಾಪಾಡಿತು.

ಕಾರ್ಕ್‌ಕನ್ನಡತಿ

ದಫ್ತರದ ಬಗ್ಗೆ ತಕರಾರಿಲ್ಲ ಸರ್. ಅಚ್ಚಾದದ್ದು ನಕ್ಷೆ ಎಂಬುದಷ್ಟೇ ನನ್ನ ತಕರಾರು.

ಮಲೆಯಾಚೆ

ಇಂಗ್ಲಿಷಿನವರು ಹೊಸದಾಗಿಯೇ ಇಟ್ಟ ಹೆಸರುಗಳ ಗತಿಯೇನು? ಟಿಪ್ಪರೇರಿಯಲ್ಲಿ ‘ಡೆವಿಲ್ಸ್ ಬಿಟ್’ ಎಂಬ ಬೆಟ್ಟವನ್ನು ರಸ್ತೆಯಿಂದ ನೋಡಿದ್ದೇನೆ, ಯಾರೋ ಕಚ್ಚಿ ತುಂಡು ತೆಗೆದಂತೆ ಕಾಣುತ್ತದೆ.

ಶಿಲಾಪ್ರಿಯ

ಸೈತಾನ ಕಚ್ಚಿ, ಹಲ್ಲು ಮುರಿದುಕೊಂಡು, ಆ ತುಂಡನ್ನು ಉಗುಳಿದ. ಅದು ಬಿದ್ದ ಜಾಗದಲ್ಲಿ ಕ್ಯಾಶೆಲ್ ಬಂಡೆ ಎದ್ದಿತು ಎಂಬುದು ಕಥೆ. ಬೆಟ್ಟ ಮರಳುಗಲ್ಲಿನದು, ಕ್ಯಾಶೆಲ್ ಬಂಡೆ ಸುಣ್ಣಕಲ್ಲು. ಸೈತಾನನ ಬಾಯಲ್ಲಿ ಕಲ್ಲಿನ ಜಾತಿ ಬದಲಾಯಿತು ಎಂದುಕೊಳ್ಳೋಣ.

ಸ್ಥಳಪುರಾಣ

ಐರಿಷ್ ಹೆಸರಿನಲ್ಲಿ ಸೈತಾನನೇ ಇಲ್ಲ. ‘ಬ್ಯಾರ್ನಾನ್ ಎಲೆ’ ಎಂದರೆ ಎಲೆ ಎಂಬ ನಾಡಿನ ಸಂದು, ಅಂದರೆ ಬೆಟ್ಟಸಾಲಿನ ನಡುವಿನ ಕಿಂಡಿ. ಕಣಿವೆ, ಕಿಂಡಿ, ಘಟ್ಟದ ದಾರಿ, ಇವು ಬೆಟ್ಟಕ್ಕಿಂತ ಮುಖ್ಯವಾಗಿದ್ದ ಕಡೆ ಬೆಟ್ಟವೂ ಅವುಗಳ ಹೆಸರನ್ನೇ ಪಡೆದಿದೆ. ಕಾನಮಾರಾದ ಮಾಮ್‌ಟರ್ಕ್ ಸಾಲು ‘ಕಾಡುಹಂದಿಗಳ ಘಟ್ಟದಾರಿ’ಯ ಬೆಟ್ಟಗಳು. ಅದೇ ಸಾಲಿನ ಮಾಮೀನ್ ‘ಹಕ್ಕಿಗಳ ಘಟ್ಟದಾರಿ’.

ಬಣ್ಣದಬುಗುರಿ

ಬಣ್ಣಗಳನ್ನು ಮರೆತೇಬಿಟ್ಟಿರಲ್ಲ! ಕಿಲಾರ್ನಿ ಬಳಿ ಡನ್ಲೋ ಕಣಿವೆಯ ಪಕ್ಕದ ಪರ್ಪಲ್ ಮೌಂಟನ್ ಐರಿಷ್‌ನಲ್ಲೂ ನೇರಳೆ ಬೆಟ್ಟವೇ, ಅಲ್ಲಿನ ಕಲ್ಲಿಗೇ ಆ ಬಣ್ಣವಿದೆ. ಕಾರ್ಕ್ ಕೌಂಟಿಯ ಅತಿ ಎತ್ತರದ ನಾಕ್‌ಬಾಯ್ (706 ಮೀಟರ್) ಹುಡುಗನ ಬೆಟ್ಟವಲ್ಲ, ‘ಕ್ನಾಕ್ ಬುಯಿ’, ಹಳದಿ ಗುಡ್ಡ. ಡೊನೆಗಾಲ್‌ನ ಬ್ಲೂಸ್ಟ್ಯಾಕ್ಸ್ ನೀಲಿ ಬಣವೆಗಳು. ಟ್ವೆಲ್ವ್ ಬೆನ್ಸ್‌ನಲ್ಲಿ ಎಲ್ಲಕ್ಕಿಂತ ಎತ್ತರದ ಬೆನ್‌ಬಾನ್ (729 ಮೀಟರ್) ಬಿಳಿಕೊಂಬು.

ಲಿಫಿತೀರ

ದೇವತೆಗಳ ಹೆಸರಿನವು ಯಾವುವೂ ಇಲ್ಲವೇ?

ಸ್ಥಳಪುರಾಣ

ಇವೆ, ಮತ್ತು ಅಲ್ಲಿ ನೆಲದ ರೂಪವೂ ದೇವತೆಯೂ ಬೇರೆಯಾಗುವುದಿಲ್ಲ. ಕೆರಿಯ ಪೂರ್ವಭಾಗದಲ್ಲಿ ‘ದ ಪ್ಯಾಪ್ಸ್’ ಎಂಬ ಜೋಡಿ ಬೆಟ್ಟಗಳಿವೆ, 694 ಮತ್ತು 690 ಮೀಟರ್. ಐರಿಷ್ ಹೆಸರಿಗೆ ‘ಅನು ದೇವಿಯ ಎರಡು ಮೊಲೆಗಳು’ ಎಂದರ್ಥ. ಎರಡೂ ದುಂಡಗಿವೆ, ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ, ಎರಡರ ತುದಿಯಲ್ಲೂ ಇತಿಹಾಸಪೂರ್ವ ಕಾಲದ ಜನ ಕಲ್ಲುಗುಪ್ಪೆ ಕಟ್ಟಿ ತೊಟ್ಟುಗಳನ್ನಿಟ್ಟಿದ್ದಾರೆ. ಬೆಟ್ಟವನ್ನು ನೋಡಿ ಹೆಸರಿಟ್ಟು ಸುಮ್ಮನಾಗದೆ, ಹೆಸರಿಗೆ ಒಪ್ಪುವಂತೆ ಬೆಟ್ಟವನ್ನೇ ತಿದ್ದಿದಂತೆ ಕಾಣುತ್ತದೆ.

ಸಂಶಯಾತ್ಮ

ಇದೊಂದಕ್ಕೆ ನನ್ನ ಸಂಶಯವಿಲ್ಲ.

ಬಣ್ಣದಬುಗುರಿ

ಹಾಗಾದರೆ ಡೊನೆಗಾಲ್‌ನ ಸ್ಲೀವ್ ಲೀಗ್? ಎಲ್ಲರೂ ಕಡಲ ಬಂಡೆಗೋಡೆ ನೋಡಲು ಹೋಗಿ ಅದನ್ನೇ ಸ್ಲೀವ್ ಲೀಗ್ ಎನ್ನುತ್ತಾರೆ.

ಗಡಿರೇಖೆ

ಸುಮಾರು 600 ಮೀಟರ್ ಎತ್ತರದ ಬೆಟ್ಟದ ಅರ್ಧ ಭಾಗವನ್ನು ಅಟ್ಲಾಂಟಿಕ್ ಕಡಲು ತಿಂದುಹಾಕಿದ್ದರಿಂದ ಆ ಗೋಡೆ ಉಂಟಾಯಿತು. ಹೆಸರು ಮಾತ್ರ ಬೆಟ್ಟದ್ದೇ: ‘ಚಪ್ಪಡಿಕಲ್ಲುಗಳ ಬೆಟ್ಟ’. ಪ್ರವಾಸಿಗರು ಬಸ್ಸಿನಿಂದಿಳಿದು ಫೋಟೋ ತೆಗೆಯುವ ಜಾಗದ ಹೆಸರು ಬೇರೆಯೇ ಇದೆ, ಬನ್‌ಗ್ಲಾಸ್.